ಏಳನೆಯ ಹೊಲಿಗೆ

ಕಡಬದಲ್ಲಿ ನನ್ನದು ಚರ್ಮದ ಚೀಲ ಹೊಲಿಯುವ ಕೆಲಸ. ಹೊಸ ಜಿಗ್‌ಜಾಗ್ ಮಷೀನಿನ ರೇಟು ನನ್ನ ಕೈಗೆಟುಕುವಂಥದ್ದಲ್ಲ. ಅರಂತೋಡಿನ ಶೀಲಾವತಿ ಅಕ್ಕ ತೀರಿಹೋದ ಗಂಡನ ಮಷೀನು ಕೊಡುತ್ತಾರೆಂದು ಕೇಳಿ ನೋಡಲು ಹೋದೆ. ಪರೀಕ್ಷೆಗೆ ನಮ್ಮದೇ ಚರ್ಮ ಒಯ್ಯುವುದು ಈ ಕೆಲಸದವರ ಪದ್ಧತಿ. ಬೆಳಿಗ್ಗೆಯಷ್ಟೇ ಎರಡು ತುಂಡು ಕತ್ತರಿಸಿ ಚೀಲಕ್ಕೆ ಹಾಕಿದ್ದೆ.

ಮಧ್ಯಾಹ್ನದ ಹೊತ್ತು. ಮಷೀನಿನ ಮೇಲೆ ದಪ್ಪ ಧೂಳಿತ್ತು. ಆದರೆ ಸೂಜಿ ಮುಟ್ಟಿದರೆ, ಆಗಷ್ಟೇ ಹೊಲಿದು ಬಿಟ್ಟಂತೆ ಬೆಚ್ಚಗಿತ್ತು.

“ಬೆಲ್ಟ್ ಕಡಿದು ವರ್ಷ ಆಯ್ತು ಟಿನ್ಸಿ. ಯಾರೂ ಮುಟ್ಲಿಲ್ಲ,” ಎಂದರು ಅಕ್ಕ.

ನೂಲು ಪೋಣಿಸಿ, ನೇರ ಹೊಲಿಗೆಗೆ ಹೊಂದಿಸಿ, ಒಂದು ತುಂಡಿಟ್ಟು ಚಕ್ರವನ್ನು ಕೈಯಲ್ಲೇ ತಿರುಗಿಸಿದೆ. ಹೊಲಿಗೆ ಚಂದ ಬಂತು. ಪ್ರತಿ ಏಳನೆಯದು ಮಾತ್ರ ಸಾಲು ಬಿಟ್ಟು ಎಡಕ್ಕೆ ಬೀಳುತ್ತಿತ್ತು.

“ಸೂಜಿ ಬದಲಿಸಿದ್ರೆ ಸರಿಯಾದೀತು ಅಕ್ಕ.”

“ಅವರು ಎಷ್ಟು ಬದಲಿಸಿದ್ರು ಮಾರಾಯ್ತಿ. ಅದು ಹಾಗೇ ಉಂಟು.”

ರೇಟು ಕುದುರಿತು. ಮನೆಗೆ ಬಂದು ಚೀಲ ಬಿಚ್ಚಿದೆ. ನಾನು ಹೊರಗೇ ತೆಗೆಯದ ಎರಡನೆಯ ತುಂಡಿನಲ್ಲಿ ಸೂಜಿಯ ತೂತುಗಳಿದ್ದವು. ಏಳನೆಯದೆಲ್ಲ ಎಡಕ್ಕೆ. ನೂಲಿರಲಿಲ್ಲ. ಚರ್ಮಕ್ಕೆ ಬಿದ್ದ ತೂತು ಮುಚ್ಚುವುದಿಲ್ಲ. ಮೊದಲೇ ಇದ್ದಿದ್ದರೆ ಕತ್ತರಿಸುವಾಗ ಕಾಣುತ್ತಿತ್ತು. ಬೆರಳಾಡಿಸಿದೆ. ಸಾಲು ಬೆಚ್ಚಗಿತ್ತು.

ಮಷೀನು ನಾಳೆ ಜೀಪಿನಲ್ಲಿ ಬರುತ್ತದೆ. ಆ ರೇಟಿಗೆ ಬೇರೆ ಸಿಗುವುದಿಲ್ಲ.