ಹುರುಳಿ ಹಾಸಿದ ರಸ್ತೆ

ಜನವರಿ ಹನ್ನೊಂದು, ಶನಿವಾರ ಸಂಜೆ ನಾಲ್ಕೂವರೆಗೆ ಸುರಪುರ ಠಾಣೆಗೆ ಬೋನಾಳದ ದೇವಿಂದ್ರ ದೂರು ತಂದ. ಮಧ್ಯಾಹ್ನ ಊರ ಹತ್ತಿರದ ರಸ್ತೆಯಲ್ಲಿ ಅಡ್ಡಾದಿಡ್ಡಿ ಬಂದ ಕಾರೊಂದು ತನ್ನ ಅಣ್ಣ ಚಂದ್ರಾಮಪ್ಪನ ಬೈಕಿಗೆ ಗುದ್ದಿತು. ಅಣ್ಣ ಆಸ್ಪತ್ರೆಯಲ್ಲಿ ತೀರಿಕೊಂಡ. ಎಲ್ಲವನ್ನೂ ತಾನು ಕಣ್ಣಾರೆ ಕಂಡೆ. ಕಾರು ನಡೆಸುತ್ತಿದ್ದ ಶಿಕ್ಷಕಿ ಅನುರಾಧಾ ಮೇಲೆ ಕ್ರಮ ಆಗಬೇಕು ಎಂದ. ಇನ್‌ಸ್ಪೆಕ್ಟರ್ ಕಾಂತೇಶ ನಿರ್ಲಕ್ಷ್ಯದ ಚಾಲನೆ ಮತ್ತು ಅದರಿಂದಾದ ಸಾವು ಎಂದು ಎಫ್‌ಐಆರ್ ದಾಖಲಿಸಿದರು.

ತಲೆನೋವು ಶುರುವಾದದ್ದು ಆಮೇಲೆ. ಠಾಣೆಗೆ ಬಂದವರೆಲ್ಲ ತನಿಖಾಧಿಕಾರಿಗಳೇ. ಹೆಣ್ಣುಮಗಳು, ಕಾರು ಕಲಿತು ಮೂರು ತಿಂಗಳು, ಇನ್ನೇನು ತನಿಖೆ ಮಾಡುವುದಿದೆ ಎಂದು ಚಹಾದಂಗಡಿಯವನೂ ಕೇಳಿದ. ಅನುರಾಧಾ ಮಾತ್ರ ಹೇಳಿದ್ದನ್ನೇ ಹೇಳಿದಳು. ರಸ್ತೆಯ ಒಂದು ಬದಿಗೆ ಹುರುಳಿ ಹಾಸಿದ್ದರು, ಇನ್ನೊಂದು ಬದಿಗೆ ಕಲ್ಲು ಇಟ್ಟಿದ್ದರು. ಹುರುಳಿಯ ಮೇಲೆಯೇ ಹೋಗಬೇಕಾಯಿತು. ಎದುರಿಗೆ ಬೈಕು ಬಂತು, ಬ್ರೇಕ್ ಒತ್ತಿದರೆ ಕಾರು ಜಾರಿತು.

ಕೆಲಸ ಹೋಗುವ ಭಯ ಅವಳಿಗೆ ಇದ್ದೇ ಇತ್ತು. ಆದರೆ ಅವಳು ಕೇಳಿದ್ದು ಬೇರೆ.

"ನಾ ಕೊಂದೀನೇನ್ರಿ ಸರ್? ಅಷ್ಟ ಹೇಳ್ರಿ."

ಭಾನುವಾರ ಬೆಳಿಗ್ಗೆ ಕಾಂತೇಶ ಸ್ಥಳ ಪಂಚನಾಮೆಗೆ ಹೋದರು. ರಸ್ತೆ ಮದುವೆ ಮನೆಯ ಅಂಗಳದಷ್ಟು ಚೊಕ್ಕಟವಾಗಿತ್ತು. ಕಲ್ಲಿಲ್ಲ, ಹುರುಳಿಯಿಲ್ಲ. ಊರಿನವರನ್ನು ಕೇಳಿದರೆ ರಸ್ತೆಯಲ್ಲಿ ಏನೂ ಇರಲಿಲ್ಲ ಎಂದರು. ಹುರುಳಿ ಯಾರದು ಎಂದರೆ, ಈ ವರ್ಷ ಯಾರೂ ಬಿತ್ತೇ ಇಲ್ಲ ಎಂದರು. ಹಾಗೆಂದವನ ಹಿತ್ತಿಲಲ್ಲೇ ಹುರುಳಿ ಹೊಟ್ಟಿನ ಬಣವೆ ನಿಂತಿತ್ತು. ಕಾಂತೇಶರಿಗೆ ರೇಗಿಹೋಯಿತು. ಕಾಳು ಒಕ್ಕಿ ರಾಶಿ ಮಾಡಲು ಸರಕಾರದ ರಸ್ತೆ ಬೇಕು, ಸಾಕ್ಷಿ ಹೇಳಲು ಮಾತ್ರ ಇವರಿಗೆ ಬಾಯಿ ಇಲ್ಲ.

ಹೆಡ್ ಕಾನ್‌ಸ್ಟೆಬಲ್ ಯಂಕಣ್ಣ ಡಾಂಬರಿನ ಮೇಲೆ ಒಂದೇ ಸಾಲಿನಲ್ಲಿದ್ದ ಕೆಮ್ಮಣ್ಣಿನ ಗುರುತುಗಳನ್ನು ತೋರಿಸಿದ. ಹೊಲದ ಬದುವಿನಿಂದ ತಂದ ಕಲ್ಲು ಬಿಟ್ಟುಹೋಗುವಂಥ ಗುರುತು. ಠಾಣೆಗೆ ಮರಳಿ ಕಾರು ನೋಡಿದರೆ ಮುಂದಿನ ಜಾಲರಿಯ ತುಂಬ ಹೊಟ್ಟು ಸಿಕ್ಕಿಕೊಂಡಿತ್ತು, ಟೈರಿನ ಗೀರುಗಳಲ್ಲಿ ಹುರುಳಿ ಕಾಳಿದ್ದವು. ಪಂಚರ ಎದುರು ಅವನ್ನು ಸೀಲ್ ಮಾಡಿದರು. ಶಿಕ್ಷಕಿ ಹೇಳಿದ್ದು ನಿಜ. ಕಲ್ಲು ಇಟ್ಟವರು ಯಾರು, ತೆಗೆದವರು ಯಾರು?

ಅನುರಾಧಾಳನ್ನು ಮತ್ತೆ ಕರೆಸಿ, ಮೊದಲೇ ಕೇಳಬೇಕಾಗಿದ್ದ ಪ್ರಶ್ನೆ ಕೇಳಿದರು. ಆಂಬುಲೆನ್ಸಿನಲ್ಲಿ ಗಾಯಾಳುವಿನ ಜೊತೆ ಯಾರಿದ್ದರು? ತಾನೊಬ್ಬಳೇ ಎಂದಳು. ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಸುರಪುರದವರೆಗೆ ಬಂದಿದ್ದಳು.

ಸೋಮವಾರ ಹತ್ತು ಗಂಟೆಗೆ ದೇವಿಂದ್ರನನ್ನು ಕೂರಿಸಿದರು.

"ಅಣ್ಣನ ಜೊತಿ ಆಂಬುಲೆನ್ಸ್‌ನಾಗ ನೀ ಯಾಕ ಹತ್ತಲಿಲ್ಲ?"

"ಜಾಗ ಇರಲಿಲ್ಲರಿ."

"ಹೊಡದಾಕಿ ಹತ್ಯಾಳ. ಒಡಹುಟ್ಟಿದಾಂವ ನೀ ಯಾಕ ಹಿಂದ ಉಳದಿ?"

"ಕಲ್ಲು ತಗಿಯಾಕತ್ತಿದ್ನಿರಿ."

ಉಳಿದದ್ದು ತಾನಾಗಿ ಹೊರಬಂತು. ಹುರುಳಿ ಅಣ್ಣತಮ್ಮಂದಿರದೇ. ಹಾಸಿದ ಬೆಳೆಯನ್ನು ತಪ್ಪಿಸಿ ಗಾಡಿಗಳು ಖಾಲಿ ಬದಿಯಲ್ಲೇ ಹೋಗುತ್ತಿದ್ದವು, ಮೇಲೆ ಗಾಲಿ ಹಾಯದೆ ಕಾಳು ಉದುರುತ್ತಿರಲಿಲ್ಲ. ಕಲ್ಲು ಮಾತ್ರ ಇಡಬೇಡ ಎಂದು ಚಂದ್ರಾಮಪ್ಪ ಬೆಳಿಗ್ಗೆಯೇ ಹೇಳಿದ್ದ. ಅಣ್ಣ ತಾಡಪತ್ರಿ ತರಲು ಮನೆಗೆ ಹೋದದ್ದೇ ತಡ, ತಮ್ಮ ಖಾಲಿ ಬದಿಗೆ ಕಲ್ಲು ಜೋಡಿಸಿದ. ಅಣ್ಣ ಮರಳಿ ಬರುವಾಗಲೇ ಕಾರು ಜಾರಿತು. ಆಮೇಲೆ ಊರಿನ ನಾಲ್ಕು ಮಂದಿ ಅವನ ಜೊತೆ ಸೇರಿ ರಸ್ತೆ ಗುಡಿಸಿದರು. ನಾಳೆ ಅವರ ರಾಶಿಯೂ ಇದೇ ರಸ್ತೆಯ ಮೇಲೆ ಬೀಳಬೇಕಲ್ಲ.

"ಅಣ್ಣಗ ಎಚ್ಚರ ಇತ್ತರಿ. ಕಾಲಷ್ಟ ಮುರದದ ಅನ್ಕೊಂಡೆ. ದವಾಖಾನಿಯಿಂದ ಬಂದು ಬೈತಾನಂತ ಅಂಜಿ ಕಲ್ಲು ತಗದೆ. ಸತ್ತ ಅಂತ ಸುದ್ದಿ ಬಂದ ಮ್ಯಾಲ ಅತ್ತಿಗಿಗೆ ಹ್ಯಾಂಗ ಹೇಳ್ಲಿ?"

ನಿನ್ನೆಯಿಂದ ಬೈಯಲು ಕಾದಿದ್ದ ಕಾಂತೇಶ ಬೈಯದೆ ಅವನ ಹೇಳಿಕೆ ಬರೆದುಕೊಂಡರು. ರಸ್ತೆಗೆ ಅಡ್ಡಿ, ನಿರ್ಲಕ್ಷ್ಯದಿಂದ ಸಾವು, ಸಾಕ್ಷ್ಯ ನಾಶ, ಸುಳ್ಳು ದೂರು ಎಂದು ಕಲಂಗಳನ್ನು ಸೇರಿಸಿ ಹನ್ನೊಂದೂವರೆಗೆ ದೇವಿಂದ್ರನನ್ನು ಬಂಧಿಸಿದರು. ಅನುರಾಧಾಳಿಗೆ ಫೋನ್ ಮಾಡಿ, ಅವಳ ಹೆಸರು ಕೈಬಿಡಲು ನ್ಯಾಯಾಲಯಕ್ಕೆ ವರದಿ ಹೋಗುತ್ತದೆ ಎಂದರು. ಅವಳು ಅತ್ತಳು.

ಸಂಜೆ ಚಂದ್ರಾಮಪ್ಪನ ಹೆಂಡತಿ ಮೋನಮ್ಮನಿಗೆ ಬಂಧನದ ಸುದ್ದಿ ಮುಟ್ಟಿಸಲು ಬೋನಾಳಕ್ಕೆ ಹೋದರು. ಈ ಕೆಲಸವನ್ನು ಇನ್ನೊಬ್ಬರ ತಲೆಗೆ ಕಟ್ಟಲು ಅವರಿಗೆ ಮನಸ್ಸಾಗಲಿಲ್ಲ. ಮೋನಮ್ಮ ಪೂರ್ತಿ ಕೇಳಿಸಿಕೊಂಡಳು.

"ಗೊತ್ತದರಿ. ದವಾಖಾನಿಗೆ ಓಡಾಕತ್ತಾಗ ಅದ ರಸ್ತಿ ಮ್ಯಾಲ ಹೋಗೀನಿ. ಅಂವ ಕಸಬರಗಿ ಹಿಡದು ನಿಂತಿದ್ದ."

"ಮತ್ಯಾಕ ಹೇಳಲಿಲ್ಲವ್ವ?"

"ಗಂಡ ಹೋದ. ಮನ್ಯಾಗ ಅಂವನರ ಇರ್ಲಿ ಅಂದೆ."

"ಏನೂ ತಪ್ಪು ಮಾಡದ ಆ ಟೀಚರ್ ಜೇಲಿಗೆ ಹೋಗ್ತಿದ್ಲು."

ಮೋನಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು.

"ಆಕಿ ನಮ್ಮಾಕಿ ಅಲ್ಲಲ್ರಿ ಸಾಹೇಬ್ರ."

ಕಾಂತೇಶ ಆ ಹೇಳಿಕೆಯನ್ನೂ ಬರೆದುಕೊಂಡರು.