ಚಕ್ರದಡಿಯ ಕಲ್ಲು

"ಮೇಡಂ, ಈ ಗಾಡಿ ನಿಮಗೆ ಬೇಡ."

ಮಂಡಿಕಲ್ಲಿನ ಶಾಲೆಯ ಮುಂದೆ, ಇಳಿಜಾರಿನಲ್ಲಿ ಕಾರು ನಿಲ್ಲಿಸಿ ಇಳಿದ ಟೀಚರ್ ತನುಜ ಬೆಚ್ಚಿ ತಿರುಗಿದಳು. ಎದುರಿನ ಗ್ಯಾರೇಜಿನ ಅಂಬರೀಶ್, ಕೈಯ ಗ್ರೀಸ್ ಒರೆಸಿಕೊಳ್ಳುತ್ತಾ ನಿಂತಿದ್ದ. ಅವನ ದೃಷ್ಟಿ ಕೆಳಗಿತ್ತು... ಅವಳ ಎಡಗಾಲಿನ ಕಡೆ.

ಬಸ್ಸಿನಿಂದ ಬಿದ್ದು ಆ ಪಾದದ ಬಲ ಹೋಗಿ ಮೂರು ವರ್ಷ. ಕ್ಲಚ್ ಒತ್ತಲಾಗದು. ಅದಕ್ಕೇ ಹುಡುಕಿ ಕೊಂಡಿದ್ದಳು, ಈ ಹಳೆಯ ಆಟೋಮ್ಯಾಟಿಕ್ ಕಾರನ್ನು.

"ಯಾಕೆ? ಕುಂಟುವವಳು ಕಾರು ಓಡಿಸಬಾರದಾ?"

"ಅಯ್ಯೋ, ಅದಲ್ಲ. ಆಟೋಮ್ಯಾಟಿಕ್ ಒಳ್ಳೇದೇ. ಇಂಜಿನ್ನಿಂದ ಗೇರ್‌ಬಾಕ್ಸಿಗೆ ಶಕ್ತಿ ದಾಟಿಸೋದು ಒಳಗೆ ತಿರುಗೋ ಎಣ್ಣೆ. ಗೇರು ತಾನೇ ಬದಲಾಗುತ್ತೆ, ಎಡಗಾಲಿಗೆ ಕೆಲಸಾನೇ ಇಲ್ಲ. ಪೆಟ್ರೋಲು ಸ್ವಲ್ಪ ಜಾಸ್ತಿ ಕುಡಿಯುತ್ತೆ, ಕೆಟ್ರೆ ರಿಪೇರಿ ಕಷ್ಟ. ಆದ್ರೆ ಈ ಗಾಡೀಲಿ..."

"ಸಾಕು."

ಮಧ್ಯಾಹ್ನ ನೋಡಿದರೆ ಮುಂದಿನ ಚಕ್ರದಡಿ ಒಂದು ಕಲ್ಲು. ನುಣ್ಣನೆಯ ಕಲ್ಲು. ಎತ್ತಿ ಎಸೆದಳು. ಮರುದಿನ ಇನ್ನೊಂದು.

'ನನ್ನನ್ನು ಅಣಕಿಸುತ್ತಿದ್ದಾರೆ...'

"ಯಾರೋ ನಿನ್ ಗಾಡಿಗೆ ದಿಂಬು ಇಡ್ತಾವ್ರೆ ಕಣಮ್ಮ," ಎಂದು ಬಿಸಿಯೂಟದ ಅಕ್ಕಯಮ್ಮ ನಕ್ಕಳು.

ತನುಜಳಿಗೆ ನಗು ಬರಲಿಲ್ಲ. ಇತ್ತೀಚೆಗೆ ಪಿ, ಅಂದರೆ ಪಾರ್ಕಿಂಗ್ ಗೇರಿಗೆ ಹಾಕಿ ಬ್ರೇಕ್ ಬಿಟ್ಟೊಡನೆ ಕಾರು ಗೇಣಷ್ಟು ಜಾರಿ, 'ಟಕ್' ಎಂದು ನಿಲ್ಲುತ್ತಿತ್ತು. ದಿನದಿನಕ್ಕೆ ಆ ಸದ್ದು ಒರಟಾಗುತ್ತಿತ್ತು. ಇಳಿಜಾರಿನ ಕೊನೆಗೆ ಶಾಲೆಯ ಗೇಟು.

ಆ ಶನಿವಾರ ಗ್ಯಾರೇಜು ಮುಚ್ಚಿತ್ತು. ಚಕ್ರದಡಿ ಕಲ್ಲಿರಲಿಲ್ಲ.

ಬೆಲ್ ಹೊಡೆಯಿತು. ಮಕ್ಕಳು ಗೇಟಿನತ್ತ ಓಡಿ ಬಂದರು. ತನುಜ ನೋಟ್‌ಬುಕ್ಕುಗಳ ಕಟ್ಟನ್ನು ಹಿಂದಿನ ಸೀಟಿಗೆ ಹಾಕಿದಳಷ್ಟೆ... ಕಾರಿನೊಳಗೆ ಏನೋ ಮುರಿಯಿತು.

ಕಾರು ಹೊರಟಿತು. ಸದ್ದಿಲ್ಲದೆ, ಯಾರೂ ಇಲ್ಲದೆ.

ಹಿಂದೆ ಓಡಿದಳು. ಎಡಗಾಲು ಮಡಚಿಕೊಂಡಿತು. ಬಿದ್ದಲ್ಲಿಂದ ಕಂಡದ್ದು, ಆಗತಾನೇ ಬಸ್ಸಿಳಿದ ಅಂಬರೀಶ್ ಓಡಿ ಬಂದು, ಬಾಗಿಲು ತೆರೆದು ಒಳಕ್ಕೆ ಬಾಗಿ ಹ್ಯಾಂಡ್‌ಬ್ರೇಕ್ ಎಳೆದದ್ದು. ಮಕ್ಕಳಿಗೆ ಒಂದು ಮಾರು ದೂರದಲ್ಲಿ ಕಾರು ನಿಂತಿತು.

ಅವನು ಬಂದು ಅವಳನ್ನು ಎಬ್ಬಿಸಿದ. ಕಾರಿನ ಬಾಗಿಲಿಗೆ ತರಚಿದ ಅವನ ಮೊಣಕೈಯಿಂದ ರಕ್ತ ಸುರಿಯುತ್ತಿತ್ತು.

"ಪಿಗೆ ಹಾಕಿದ್ದೆ..." ಅವಳು ಕಾರಿನತ್ತ ಕೈ ತೋರಿದಳು.

"ಪಿ ಅಂದ್ರೆ ಒಳಗೊಂದು ಸಣ್ಣ ಹಲ್ಲು, ಮೇಡಂ. ಇಳಿಜಾರಲ್ಲಿ ಪೂರ್ತಿ ಭಾರ ಅದರ ಮೇಲೇ ಬಿಟ್ರೆ ಸವೆದುಹೋಗುತ್ತೆ. ಮೊದಲು ಹ್ಯಾಂಡ್‌ಬ್ರೇಕ್, ಆಮೇಲೆ ಪಿ. ಮೊದಲ ದಿನವೇ ಆ ಸದ್ದು ಕೇಳಿಸ್ತು. ಅದಕ್ಕೇ ಚಕ್ರ ನೋಡ್ತಿದ್ದೆ."

ಚಕ್ರ... ಕಾಲಲ್ಲ.

"ಕಲ್ಲು ಇಡ್ತಿದ್ದಿದ್ದು ನೀವಾ? ದಿನಾ ಎಸೀತಿದ್ನಲ್ಲ?"

"ನೋಡ್ತಿದ್ದೆ. ಅದಕ್ಕೇ ನುಣ್ಣಗಿರೋದನ್ನ ಹುಡುಕಿ ತರ್ತಿದ್ದೆ. ಎತ್ತುವಾಗ ಕೈಗೆ ಚುಚ್ಚಬಾರ್ದಲ್ಲ."

ತನುಜಳ ಕಣ್ಣು ತುಂಬಿತು. "ಇವತ್ತು ಎಲ್ಲಿಗೆ ಹೋಗಿದ್ರಿ?"

ಅವನು ಜೇಬಿನಿಂದ ಪೇಪರಿನ ಪೊಟ್ಟಣ ತೆಗೆದ. ಒಳಗೆ ಉಕ್ಕಿನ ಸಣ್ಣ ಹಲ್ಲು. "ಗೌರಿಬಿದನೂರಿನ ಗುಜರೀಲಿ ಸಿಕ್ತು. ನೀವು ಒಪ್ಪಿದ್ರೆ ಹಾಕಣ ಅಂತ... ಬೆಳಗ್ಗೆ ಕಲ್ಲು ಇಟ್ಟು ಹೋಗೋಣ ಅಂದ್ರೆ ನಾ ಹೊರಡೋವಾಗ ನೀವಿನ್ನೂ ಬಂದಿರ್ಲಿಲ್ಲ."

ಅವಳು ತನ್ನ ವೇಲ್ ಹರಿದು ಅವನ ಮೊಣಕೈಗೆ ಕಟ್ಟಿದಳು.

"ಇನ್ಮೇಲೆ ಕಲ್ಲು ಇಡಬೇಡಿ."

ಅವನ ಮುಖ ಬಾಡಿತು.

"ಪಕ್ಕದ ಸೀಟಲ್ಲಿ ಕೂತ್ಕೊಳ್ಳಿ. ಹ್ಯಾಂಡ್‌ಬ್ರೇಕ್ ಹಾಕಿದ್ನಾ ಅಂತ ನೋಡೋರು ಬೇಕಲ್ಲ."

"ಎಷ್ಟು ದಿನ, ಮೇಡಂ?"

"ತನುಜ ಅನ್ನಿ."

"ಎಷ್ಟು ದಿನ... ತನುಜ?"

"ಗಾಡಿ ಇರೋವರೆಗೆ," ಎಂದು ಗಂಟು ಬಿಗಿಗೊಳಿಸಿದಳು. "ಅದು ಗುಜರಿಗೆ ಹೋದ್ಮೇಲೂ."