ಯಾವ ಊರಿಗೆ ಹೋಗೋಣ, ನೀವೇ ಹೇಳಿ

"ತಲೆ ಅಲ್ಲಾಡಿಸಬೇಡಿ! ಕಿವಿ ಕತ್ತರಿಸಿ ಹೋದ್ರೆ ನನ್ನ ಕೇಳಬೇಡಿ!"

ಹೆರಿಮ್ ಗದರಿದಳು. ಕತ್ತರಿ ಹಿಡಿದ ಕೈ ಗಾಳಿಯಲ್ಲೇ ನಿಂತಿತು.

"ಅಲ್ಲಾಡಿಸ್ತಿಲ್ಲ..." ಕುರ್ಚಿಯಲ್ಲಿದ್ದವನು ಮೆಲ್ಲಗೆ ಅಂದ. "ಕ್ಷಮಿಸಿ. ಅಳು ಬರ್ತಿದೆ."

ಅವಳು ಕನ್ನಡಿಯಲ್ಲಿ ನೋಡಿದಳು. ನಲವತ್ತು ದಾಟಿದ ಗಂಡಸು. ಅಗಲವಾದ ಭುಜ, ಉಗುರಿನ ಸಂದಿಯಲ್ಲಿ ಎಂಜಿನ್ ಎಣ್ಣೆಯ ಕಪ್ಪು... ಕೆನ್ನೆಯ ಮೇಲೆ ಮಾತ್ರ ಧಾರಾಕಾರ ನೀರು! ಗೆಳೆಯ ತೀರಿಕೊಂಡಿದ್ದಾನೆ, ಇನ್ನೊಂದು ಗಂಟೆಯಲ್ಲಿ ಅವನಿಗೆ ಹೆಗಲು ಕೊಡಬೇಕು, ಸುದ್ದಿ ಕೇಳಿದ ಗಾಬರಿಯಲ್ಲಿ ಕೆದರಿದ ತಲೆಯಲ್ಲೇ ಮೊಕ್ಪೊದಿಂದ ಬಸ್ ಹತ್ತಿಬಿಟ್ಟೆ ಎಂದು ಅವನು ತೊದಲಿದ.

ಹೆರಿಮ್ ಸಮಾಧಾನದ ಮಾತು ಒಂದನ್ನೂ ಆಡಲಿಲ್ಲ. "ಬಾಚಣಿಗೆ ಎಲ್ಲಿಟ್ಟೆನಪ್ಪಾ..." ಎಂದು ಗೊಣಗುತ್ತ ಒಳಗೆ ಹೋಗಿ ಹತ್ತು ನಿಮಿಷ ಹುಡುಕಿದಳು. ಬಾಚಣಿಗೆ ಅವಳ ಜೇಬಿನಲ್ಲೇ ಇತ್ತು!

ಅವನ ಹೆಸರು ದೊಕ್‌ಸು. ಮೊಕ್ಪೊ ಬಂದರಿನಲ್ಲಿ ಹಡಗಿನ ಎಂಜಿನ್ ರಿಪೇರಿ ಮಾಡುವವನು. ಮುಂದಿನ ತಿಂಗಳು ಅವನು ಹೆರಿಮ್‌ಳ ಅಂಗಡಿಯಿದ್ದ ಆಂದೊಂಗ್‌ಗೆ ಮತ್ತೆ ಬಂದ. ಯಾಕೆ? ಕೂದಲು ಕತ್ತರಿಸಿಕೊಳ್ಳಲು! ನಾಲ್ಕೂವರೆ ಗಂಟೆ ದಾರಿ ಬರೀ ಕೂದಲಿಗೆ ಅಂದರೆ ಯಾರು ನಂಬುತ್ತಾರೆ ಹೇಳಿ?

"ಯಾಕೆ, ನಿಮ್ಮೂರಲ್ಲಿ ಕತ್ತರಿ ಸಿಗೋದಿಲ್ವಾ?" ಹೆರಿಮ್ ಕೇಳಿದಳು.

"ಸಿಗುತ್ತೆ. ಆದ್ರೆ ಅಲ್ಲಿಯವರು ಬಾಚಣಿಗೆ ಹುಡುಕೋದಿಲ್ಲ."

ಅವಳಿಗೆ ಮುಖ ಎಲ್ಲಿ ಅಡಗಿಸಿಕೊಳ್ಳಬೇಕೋ ತಿಳಿಯಲಿಲ್ಲ.

ಎರಡು ವರ್ಷ ಹೀಗೇ ಕಳೆಯಿತು. ತಿಂಗಳಿಗೊಮ್ಮೆ ಬರುತ್ತಿದ್ದವನು ವಾರಕ್ಕೊಮ್ಮೆ ಬರತೊಡಗಿದ. ಕತ್ತರಿಸಲು ತಲೆಯಲ್ಲಿ ಕೂದಲೇ ಉಳಿಯಲಿಲ್ಲ! ಕೊನೆಗೆ ಮದುವೆಯ ಮಾತಾಯಿತು. ಇಬ್ಬರಿಗೂ ಎರಡನೆಯ ಮದುವೆ. ಮೇ ತಿಂಗಳು ಎಂದು ನಿಶ್ಚಯವೂ ಆಯಿತು.

ಆದರೆ ನಾಲ್ಕು ಜನ ಸೇರಿ ಇರುವುದು ಎಲ್ಲಿ?

ಆ ಭಾನುವಾರ ಹೆರಿಮ್‌ಳ ಮನೆಯಲ್ಲಿ, ಸೋಯಾ ರಸದಲ್ಲಿ ಬೆಂದ ಕೋಳಿಯ ದೊಡ್ಡ ತಟ್ಟೆಯ ಸುತ್ತ ಎಲ್ಲರೂ ಕೂತಿದ್ದರು. ದೊಕ್‌ಸುವಿನ ತಾಯಿ ಪಿಲ್‌ಸುನ್‌ಗೆ ಎಪ್ಪತ್ತನಾಲ್ಕು. ವಾರಕ್ಕೆ ಮೂರು ದಿನ ಡಯಾಲಿಸಿಸ್, ಮೊಕ್ಪೊದ ಆಸ್ಪತ್ರೆಯಲ್ಲಿ. ಹೆರಿಮ್‌ಳ ಮಗಳು ಸೊಲ್‌ಗೆ ಹನ್ನೊಂದು. ಶಾಲೆಯ ಬಿಲ್ಲುಗಾರಿಕೆ ತಂಡದಲ್ಲಿ ಅವಳೇ ಮುಂದು, ಕೋಚ್ ಎಂದರೆ ಅವಳಿಗೆ ಪ್ರಾಣ. ಹೆರಿಮ್‌ಗೆ ಒಂಬತ್ತು ವರ್ಷ ಕಷ್ಟಪಟ್ಟು ಕಟ್ಟಿದ ಈ ಅಂಗಡಿ. ದೊಕ್‌ಸುವಿನ ಕೆಲಸ ಸಮುದ್ರವಿದ್ದಲ್ಲಿ, ಆಂದೊಂಗ್‌ನಲ್ಲೋ ಸಮುದ್ರವೇ ಇಲ್ಲ!

ಮೂರು ಮನೆ ನೋಡಿಟ್ಟಿದ್ದರು. ಮೊಕ್ಪೊದಲ್ಲಿ ಬಂದರಿನ ಹಿಂದೆ ಒಂದು. ಆಂದೊಂಗ್‌ನಲ್ಲಿ ಅಂಗಡಿಯ ಹಿಂದಿನ ಬೀದಿಯಲ್ಲಿ ಒಂದು. ಇನ್ನೊಂದು ಪೊಹಾಂಗ್‌ನಲ್ಲಿ. ಅಲ್ಲಿ ಸಮುದ್ರವಿದೆ, ಆಂದೊಂಗ್‌ಗೆ ಎರಡು ಗಂಟೆಯ ದಾರಿ, ಆದರೆ ನಾಲ್ವರಿಗೂ ಹೊಸ ಊರು. ಅದನ್ನು ದೊಕ್‌ಸು ಒಬ್ಬನೇ ಹೋಗಿ ನೋಡಿ ಬಂದಿದ್ದ.

"ಮೊಕ್ಪೊಗೆ ಹೋದ್ರೆ ನಾನು ಬಾಣ ಬಿಡೋದನ್ನೇ ಬಿಟ್ಬಿಡ್ತೀನಿ," ಸೊಲ್ ಕೋಳಿಯ ಕಾಲು ಕಚ್ಚುತ್ತ ಘೋಷಿಸಿದಳು.

"ಏ ಹುಡುಗಿ, ಬೆದರಿಸ್ತೀಯಾ? ನನ್ನ ಕೈಯ ರಕ್ತನಾಳ ಆ ನರ್ಸಮ್ಮನಿಗೆ ಬಿಟ್ರೆ ಯಾರಿಗೂ ಸಿಗೋದಿಲ್ಲ, ಗೊತ್ತಾ?" ಪಿಲ್‌ಸುನ್ ಅಜ್ಜಿ ತೋಳು ಚಾಚಿದರು.

"ಅಜ್ಜೀ, ಊಟದ ಹೊತ್ತಲ್ಲಿ ತೋರಿಸಬೇಡಿ!"

ಹೆರಿಮ್ ದೊಕ್‌ಸುವಿನ ಕಡೆ ತಿರುಗಿದಳು. "ನಿಮಗೆ ಎಲ್ಲಿ ಇಷ್ಟ?"

"ನನಗೇನು... ನೀವು ಹೇಳಿದ ಕಡೆ."

ಯಾವಾಗ ಕೇಳಿದರೂ ಅದೇ ಉತ್ತರ! ಹೆರಿಮ್ ಅವತ್ತು ಅವನನ್ನು ಬಸ್ ಹತ್ತಿಸುವಾಗ ಒಂದೇ ಮಾತು ಹೇಳಿದಳು.

"ನನ್ನ ಮೊದಲ ಗಂಡ ಏಳು ವರ್ಷದಲ್ಲಿ ಐದು ಊರು ಬದಲಾಯಿಸಿದ. ಒಂದು ಸಲಾನೂ ಕೇಳಲಿಲ್ಲ. ರಟ್ಟಿನ ಪೆಟ್ಟಿಗೆ ತಂದು ಬಾಗಿಲಲ್ಲಿ ಹಾಕ್ತಿದ್ದ, ಶನಿವಾರ ಹೊರಡಬೇಕು ಅಂತಿದ್ದ, ಅಷ್ಟೇ. ಬಡತನ ಆದ್ರೂ ತಡ್ಕೋತೀನಿ ದೊಕ್‌ಸು ಅವರೇ... ನನ್ನ ಕೇಳದೆ ಮಾತ್ರ ಮನೆ ಗೊತ್ತು ಮಾಡಬೇಡಿ."

"ಮಾಡೋದಿಲ್ಲ," ಅಂದಿದ್ದ ಅವನು. ಕಣ್ಣಲ್ಲಿ ಕಣ್ಣಿಟ್ಟು ಹೇಳಿದ್ದ.

ಹತ್ತು ದಿನವೂ ಆಗಿರಲಿಲ್ಲ. ಒಂದು ಸಂಜೆ ಪಿಲ್‌ಸುನ್ ಅಜ್ಜಿಯ ಫೋನು ಬಂತು. ದನಿಯಲ್ಲಿ ಸಂಭ್ರಮವೋ ಸಂಭ್ರಮ.

"ಹೆರಿಮ್, ಒಳ್ಳೇದಾಯ್ತಮ್ಮ! ಬೆಳಿಗ್ಗೆ ನಮ್ಮ ದೊಕ್‌ಸು ಬಂದರಿನ ಹಿಂದಿನ ಮನೇಲಿ ಅನ್ನದ ಕುಕ್ಕರ್ ಇಟ್ಟು ಹೋದ! ಇವತ್ತು ದೆವ್ವ ಕಾಡದ ದಿನ ಅಲ್ವಾ. ಮದುವೆಗೆ ಮುಂಚೆ ಇದೇ ಕೊನೇದು. ಮಗ ನನಗೊಂದು ಮಾತೂ ಹೇಳಿರಲಿಲ್ಲ ನೋಡು, ಪಕ್ಕದ ಮನೆಯವಳು ಬಂದು ಹೇಳಿದ್ಲು!"

ಹೆರಿಮ್‌ಳ ಕೈಯಿಂದ ಬಾಚಣಿಗೆ ಜಾರಿತು.

ಮನೆ ಬದಲಾಯಿಸಲು ಎಲ್ಲರೂ ಕಾಯುವ ದಿನ ಅದು. ಸಾಮಾನು ಸಾಗಿಸಲು ಆ ದಿನ ಲಾರಿ ಸಿಗದಿದ್ದವರು ಅನ್ನದ ಕುಕ್ಕರ್ ಒಂದನ್ನಾದರೂ ಮುಂಚಿತವಾಗಿ ಒಯ್ದು ಹೊಸ ಮನೆಯಲ್ಲಿ ಇಟ್ಟು ಬರುತ್ತಾರೆ. ಇಟ್ಟರೆ ಮುಗಿಯಿತು, ಆ ಕುಟುಂಬ ಆ ಮನೆಗೆ ಹೋದಂತೆಯೇ ಲೆಕ್ಕ.

ಅಂದರೆ... ಅವನು ತೀರ್ಮಾನಿಸಿಬಿಟ್ಟ!

'ಕೇಳದೆ ಮಾಡೋದಿಲ್ಲ ಅಂದಿದ್ದನಲ್ಲಾ... ಇವನೂ ಹಾಗೇನಾ? ಪೆಟ್ಟಿಗೆ ಬದಲು ಕುಕ್ಕರ್, ವ್ಯತ್ಯಾಸ ಅಷ್ಟೇನಾ?' ಕುರ್ಚಿಯಲ್ಲಿದ್ದ ಗಿರಾಕಿ ಕೂದಲಿಗೆ ಸುತ್ತಿದ್ದ ಸುರುಳಿಗಳೊಂದಿಗೆ ಹಾಗೇ ಕೂತಿದ್ದಳು. ಅವಳನ್ನು ಹೇಗೋ ಮುಗಿಸಿ ಕಳಿಸಿ, ರಾತ್ರಿ ಅಂಗಡಿ ಮುಚ್ಚುವಾಗ ಹೆರಿಮ್ ಸಂದೇಶ ಬರೆದಳು.

"ಭಾನುವಾರ ಬರಬೇಡಿ. ಇನ್ಯಾವತ್ತೂ ಬರಬೇಡಿ."

ಫೋನು ಬಡಿದುಕೊಂಡಿತು. ಎತ್ತಲಿಲ್ಲ. ಮತ್ತೆ ಬಡಿದುಕೊಂಡಿತು. ಆರಿಸಿ ಡ್ರಾಯರಿಗೆ ಹಾಕಿದಳು. ಅಯ್ಯೋ, ಒಂದು ಸಲ ಎತ್ತಿದ್ದರೆ ಏನು ಗಂಟು ಹೋಗುತ್ತಿತ್ತು! ಆದರೆ ಸುಟ್ಟುಕೊಂಡ ಕೈಗೆ ಬಿಸಿ ತಾಗಿದರೆ ಅದು ಯೋಚನೆ ಮಾಡಿ ಹಿಂದೆ ಸರಿಯುತ್ತದೆಯೇ?

ಮರುದಿನ ಬೆಳಿಗ್ಗೆ ಅವಳು ಮನೆ ತೋರಿಸುವ ದಲ್ಲಾಳಿ ಹೆಂಗಸಿನ ಬಳಿ ಹೋದಳು. "ಅಕ್ಕಾ, ಹಿಂದಿನ ಬೀದಿ ಮನೆ ನಮಗೆ ಬೇಡ. ಬೇರೆಯವರಿಗೆ ಕೊಡಿ."

"ಬೇಡ್ವಾ?!" ದಲ್ಲಾಳಿ ಕಣ್ಣರಳಿಸಿದಳು. "ಹಾಗಾದ್ರೆ ನಿಮ್ಮ ಕುಕ್ಕರ್ ಏನು ಮಾಡ್ಲಿ?"

"ಯಾವ ಕುಕ್ಕರ್?"

"ಬಾ ಇಲ್ಲಿ. ನೀನೇ ನೋಡು."

ಖಾಲಿ ಮನೆಯ ಬಾಗಿಲು ತೆರೆಯಿತು. ಅಡುಗೆಮನೆಯ ನೆಲದ ಮೇಲೆ ಗುಲಾಬಿ ಬಟ್ಟೆಯ ಗಂಟು. ಒಳಗೆ ಹೊಸ ಅನ್ನದ ಕುಕ್ಕರ್, ಅದರಲ್ಲಿ ಒಂದು ಸೇರು ಅಕ್ಕಿ.

"ನಿನ್ನೆ ಸಂಜೆ ನಿನ್ನ ಗಂಡಾಗೋನು ಬಂದಿದ್ದ. ಮುಖ ಎಲ್ಲಾ ಬೆವರು, ನಿಲ್ಲೋಕೆ ಪುರುಸೊತ್ತಿಲ್ಲ. ಹೆರಿಮ್‌ಗೆ ಹೇಳಬೇಡಿ, ಬರೀ ಇಟ್ಕೊಳ್ಳಿ ಅಂದ. ಒಳ್ಳೆ ದಿನ, ನಾನ್ಯಾಕೆ ಬೇಡ ಅನ್ಲಿ?"

ಹೆರಿಮ್‌ಗೆ ತಲೆ ಗಿರ್ರೆಂದಿತು. ಮೊಕ್ಪೊದಲ್ಲಿ ಕುಕ್ಕರ್... ಇಲ್ಲೂ ಕುಕ್ಕರ್... ಏನಿದು?

ಅಷ್ಟರಲ್ಲಿ ಅಂಗಳದಲ್ಲಿ ಹೆಜ್ಜೆಯ ಸದ್ದು. ದೊಕ್‌ಸು! ಗಡ್ಡ ಬೋಳಿಸಿಲ್ಲ, ಅಂಗಿ ಮುದುಡಿದೆ. ರಾತ್ರಿ ಸಂದೇಶ ನೋಡಿದ ಮೇಲೆ ಊರು ಬಿಟ್ಟು ಹೋಗಲು ಆಗದೆ ಬಸ್ ನಿಲ್ದಾಣದ ಎದುರು ಬಾಡಿಗೆಗೆ ತಂದ ಗಾಡಿಯಲ್ಲೇ ಉಳಿದಿದ್ದನಂತೆ. ಅಂಗಡಿಗೆ ಬೀಗ ಹಾಕಿದ್ದು ಕಂಡು ಇಲ್ಲಿಗೆ ಓಡಿ ಬಂದಿದ್ದ.

"ಎಷ್ಟು ಮನೇಲಿ ಇಟ್ಟಿದ್ದೀರಿ?" ಹೆರಿಮ್ ಕೇಳಿದಳು.

ಅವನು ತಲೆ ತಗ್ಗಿಸಿದ. "ಮೂರರಲ್ಲೂ."

"ಮೂರು ಕುಕ್ಕರ್?!" ದಲ್ಲಾಳಿ ಕೆನ್ನೆಗೆ ಕೈಯಿಟ್ಟಳು. "ಅಂಗಡಿಯವನು ನಿನಗೆ ಕೈ ಮುಗಿದಿರ್ಬೇಕು ಕಣಪ್ಪಾ!"

"ಒಳ್ಳೆ ದಿನ ಅದೊಂದೇ ಉಳಿದಿತ್ತು," ಅವನ ದನಿ ಒಡೆಯಿತು. "ನೀವು ಯಾವ ಊರು ಅಂತೀರೋ ನನಗೆ ಗೊತ್ತಿರಲಿಲ್ಲ. ಅವಸರ ಮಾಡೋಕೆ ಮನಸ್ಸಾಗಲಿಲ್ಲ. ಅದಕ್ಕೆ ಬೆಳಿಗ್ಗೆ ಮೊಕ್ಪೊದಲ್ಲಿಟ್ಟೆ, ಮಧ್ಯಾಹ್ನ ಪೊಹಾಂಗ್, ಸಂಜೆ ಇಲ್ಲಿ. ನೀವು ಯಾವುದನ್ನ ಆರಿಸಿದ್ರೂ ಆ ಮನೆಗೆ ಕೆಟ್ಟದ್ದು ತಾಗಬಾರದು ಅಂತ... ನಿಮಗೆ ಈ ಸಲ ಏನೂ ಕೆಟ್ಟದಾಗಬಾರದು ಹೆರಿಮ್ ಅವರೇ."

ದಲ್ಲಾಳಿ ಮೂಗು ಸೊರ್ರೆಂದು ಎಳೆದುಕೊಂಡು ಮೆಲ್ಲಗೆ ಹೊರಗೆ ನಡೆದಳು.

ಹೆರಿಮ್ ಗೋಡೆಗೆ ಒರಗಿ ಕುಸಿದು ಕೂತಳು. ಅಳುವೂ ಬಂತು, ನಗುವೂ ಬಂತು, ಹಿಂದೆಯೇ ಸಿಟ್ಟೂ ಬಂತು!

"ನೀವು ಒಳ್ಳೆಯವರು ಅಂತ ನನಗೆ ಗೊತ್ತು ಕಣ್ರೀ! ಆದ್ರೆ ಎಲ್ಲಾ ನನ್ನ ತಲೆಗೆ ಕಟ್ಟಿದ್ರೆ ಹೇಗೆ? ಮೊಕ್ಪೊ ಅಂದ್ರೆ ಸೊಲ್ ನನ್ನ ಬೈತಾಳೆ. ಆಂದೊಂಗ್ ಅಂದ್ರೆ ಅತ್ತೆಗೆ ಮೋಸ. ಮೊದಲನೆಯವನು ನನ್ನ ಕೇಳಲೇ ಇಲ್ಲ, ನೀವು ಏನೂ ಹೇಳೋದೇ ಇಲ್ಲ. ಎರಡೂ ಸಲ ನಾನು ಒಬ್ಬಳೇ ಆದೆನಲ್ಲಾ!"

ದೊಕ್‌ಸು ಬೆಚ್ಚಿದ. ಈ ದಿಕ್ಕಿನಿಂದ ಅವನು ಯೋಚಿಸಿಯೇ ಇರಲಿಲ್ಲ.

"ಈಗ ಹೇಳಿ. ನಿಮಗೆ ಏನು ಬೇಕು? ನನ್ನ ಮುಖ ನೋಡಬೇಡಿ. ನಿಮ್ಮ ಮನಸ್ಸನ್ನ ಹೇಳಿ."

ಅವನು ಅವಳ ಎದುರು ನೆಲದ ಮೇಲೆ ಕೂತ.

"ನನಗೆ ಸಮುದ್ರ ಬೇಕು," ಕೊನೆಗೆ ಅಂದ. "ಎಂಜಿನ್ ವಾಸನೆ ಇಲ್ಲದಿದ್ರೆ ನಾನು ಒಂದು ವರ್ಷದಲ್ಲಿ ಮಂಕಾಗ್ತೀನಿ. ಇಲ್ಲಿಗೆ ಬಂದ್ರೂ ನಗ್ತಾನೇ ಇರ್ತೀನಿ, ಆದ್ರೆ ಸುಳ್ಳು ನಗು. ಮೊಕ್ಪೊನೇ ಆಗಬೇಕು ಅಂತಿಲ್ಲ. ಪೊಹಾಂಗ್‌ಗೆ ಹೋದಾಗ... ಸೊಲ್‌ಗೆ ಅಂತ ಅಲ್ಲಿನ ಶಾಲೆಗೂ ಹೋಗಿದ್ದೆ. ಬಿಲ್ಲಿನ ತಂಡ ಇದೆ. ಸಣ್ಣದು, ಇಲ್ಲಿಯಷ್ಟು ಚೆನ್ನಾಗಿಲ್ಲ."

"ಇಷ್ಟೆಲ್ಲಾ ನೋಡಿ ಬಂದು ಬಾಯಿ ಬಿಡಲಿಲ್ವಾ?!"

"ಹೇಳಿದ್ರೆ ಒತ್ತಾಯ ಮಾಡಿದ ಹಾಗಾಗುತ್ತೆ ಅಂತ ಹೆದರಿದ್ದೆ."

"ನನಗೆ ಅಂಗಡಿ ಬಿಡೋಕೆ ಭಯ," ಹೆರಿಮ್ ಹೇಳಿದಳು. ಇದನ್ನು ಅವಳು ಯಾರ ಬಳಿಯೂ ಹೇಳಿರಲಿಲ್ಲ. "ಮತ್ತೆ ಕೈ ಖಾಲಿ ಮಾಡ್ಕೊಂಡು ಯಾರದೋ ಹಿಂದೆ ಹೋಗ್ತಿದ್ದೀನಿ ಅನ್ಸುತ್ತೆ. ಆದ್ರೆ ಪೊಹಾಂಗ್ ಅಂದ್ರೆ... ಅದು ನಿಮ್ಮೂರೂ ಅಲ್ಲ, ನಮ್ಮೂರೂ ಅಲ್ಲ. ಅಲ್ಲಿ ಯಾರೂ ಯಾರ ಹಿಂದೇನೂ ಬಂದ ಹಾಗಾಗಲ್ಲ."

ಫೋನಿನಲ್ಲಿ ಪಿಲ್‌ಸುನ್ ಅಜ್ಜಿಯನ್ನು ಕೇಳಿದರು.

"ಆಸ್ಪತ್ರೇಲಿ ಪಕ್ಕದ ಹಾಸಿಗೆಯ ಜಗಳಗಂಟಿಯನ್ನ ಬಿಟ್ಟು ಬರಬೇಕಲ್ಲೇ..." ಎಂದು ಮೂಗೊರೆಸಿಕೊಂಡರು. "ಇರ್ಲಿ ಬಿಡು. ಸೂಜಿ ಎಲ್ಲಿ ಚುಚ್ಚಿದ್ರೂ ಸೂಜಿನೇ. ಜಗಳಕ್ಕೆ ಅಲ್ಲೂ ಯಾರಾದ್ರೂ ಸಿಕ್ತಾರೆ. ಮೊದಲು ಅಲ್ಲಿನ ಆಸ್ಪತ್ರೇಲಿ ಜಾಗ ಇದೆಯಾ ಕೇಳಿ, ಆಮೇಲೆ ಕುಣೀರಿ."

ಕೇಳಿದರು. ಜಾಗವಿತ್ತು.

ಮಧ್ಯಾಹ್ನ ಅಭ್ಯಾಸ ಮುಗಿಸಿ ಆ ಖಾಲಿ ಮನೆಗೇ ಬಂದ ಸೊಲ್ ಎಲ್ಲವನ್ನೂ ಕೇಳಿಸಿಕೊಂಡಳು. ಕಣ್ಣು ತುಂಬಿತು, ಆದರೆ ಹಟ ಮಾಡಲಿಲ್ಲ. ನೇರ ದೊಕ್‌ಸುವನ್ನೇ ಕೇಳಿದಳು.

"ಮಾಮಾ, ಶನಿವಾರ ನಮ್ಮ ಕೋಚ್ ಹತ್ರ ಕರ್ಕೊಂಡು ಬರ್ತೀರಾ?"

"ಬರ್ತೀನಿ."

"ಪ್ರತಿ ಶನಿವಾರ? ಮಳೆ ಬಂದ್ರೂ? ಹಡಗು ಕೆಟ್ಟರೂ?"

"ಹಡಗು ಭಾನುವಾರ ರಿಪೇರಿ ಆಗುತ್ತೆ."

"ಹಾಗಾದ್ರೆ ಶನಿವಾರ ನಾನೂ ಬಂದು ಅಂಗಡಿ ತೆಗೀತೀನಿ!" ಹೆರಿಮ್ ಥಟ್ಟನೆ ಅಂದಳು. ತಾನೇ ಹೇಳಿದ ಮಾತಿಗೆ ತಾನೇ ಬೆರಗಾದಳು. ಪೂರ್ತಿ ಬಿಡಬೇಕು ಇಲ್ಲವೇ ಪೂರ್ತಿ ಉಳಿಯಬೇಕು ಎಂದುಕೊಂಡಿದ್ದಳಲ್ಲ, ಇಷ್ಟು ದಿನ ಇದು ಹೊಳೆದೇ ಇರಲಿಲ್ಲ!

ಸೊಲ್ ಒಳಗಿನ ಕೋಣೆ ನೋಡಲು ಓಡಿದಳು. ಖಾಲಿ ಅಡುಗೆಮನೆಯಲ್ಲಿ ಇಬ್ಬರೇ ಉಳಿದರು. ದೊಕ್‌ಸು ಹೆದರುತ್ತಲೇ ಅವಳ ಕೈ ಹಿಡಿದ. ಅವಳು ಬಿಡಿಸಿಕೊಳ್ಳಲಿಲ್ಲ.

"ನಾಳೆ ನಾಲ್ಕೂ ಜನ ಪೊಹಾಂಗ್‌ಗೆ ಹೋಗಿ ನೋಡಿ ಬರೋಣ," ಅವಳು ಹೇಳಿದಳು. "ನಾನಿನ್ನೂ ಆ ಮನೆಯ ಹೊಸ್ತಿಲನ್ನೂ ನೋಡಿಲ್ಲ."

"ಹೋಗೋಣ. ನಿಮಗೆ ಇಷ್ಟ ಆಗದಿದ್ರೆ?"

"ಇಷ್ಟ ಆಗದಿದ್ರೆ ಆಗಲಿಲ್ಲ ಅಂತೀನಿ. ನಿಮಗೆ ಆಗದಿದ್ರೆ ನೀವೂ ಹೇಳಬೇಕು. ಜೋರಾಗಿ!"

"ಹೇಳ್ತೀನಿ." ಅವನು ಅವಳ ಬೆರಳುಗಳನ್ನು ತನ್ನ ಒರಟು ಅಂಗೈಯೊಳಗೆ ಮುಚ್ಚಿಕೊಂಡ. "ಬೇಕಾದ್ರೆ ನೂರು ಮನೆ ಬದಲಾಯಿಸೋಣ ಹೆರಿಮ್. ನನ್ನ ಮಾತ್ರ ಬದಲಾಯಿಸಬೇಡ."

"ಅದನ್ನ ಮೊದಲೇ ಕೇಳಬಾರದಿತ್ತಾ?" ಅವಳ ಕಣ್ಣೀರು ಅವನ ಕೈ ಮೇಲೆ ಬಿತ್ತು. "ಬದಲಾಯಿಸೋದಿಲ್ಲ ಕಣ್ರೀ."